ನೆಲ ನೋಡಿ ನಕ್ಷೆ: ಸಾರ್ವಜನಿಕ ಹಸಿರು ಜಾಗಗಳ ಕುರಿತು ಓದುಗರ ಪ್ರಶ್ನೆಗಳು

ಉದ್ಯಾನ, ಆಟದ ಬಯಲು, ಸಮುದಾಯದ ಅಂಗಳ ಮೊದಲಾದ ಸಾರ್ವಜನಿಕ ಜಾಗಗಳನ್ನು ಹೆಚ್ಚು ನೀರು, ಗೊಬ್ಬರ, ವಿದ್ಯುತ್ತು ಬೇಡದ ಹಾಗೆ ರೂಪಿಸುವ ಬಗೆಯನ್ನು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಒಂದೇ ಸಂಗತಿಯನ್ನು ವಿಚಾರಿಸಿದ್ದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಬರೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ನಿವಾಸಿಗಳ ಸಂಘಕ್ಕೆ ಸುಮಾರು ಎರಡು ಎಕರೆ ಖಾಲಿ ಜಾಗವನ್ನು ಉದ್ಯಾನ ಮಾಡಿಕೊಳ್ಳಲು ಬಿಟ್ಟುಕೊಟ್ಟಿದ್ದಾರೆ. ಮೊದಲು ಜೆಸಿಬಿ ತರಿಸಿ ನೆಲವನ್ನು ಸಮತಟ್ಟು ಮಾಡಿಸಿ, ಆಮೇಲೆ ನಕ್ಷೆ ಬರೆಸೋಣ ಎಂದು ಸಮಿತಿಯ ಹೆಚ್ಚಿನವರು ಹೇಳುತ್ತಿದ್ದಾರೆ. ಈ ಕ್ರಮ ಸರಿಯೇ?

ಉತ್ತರ: ಸರಿಯಲ್ಲ. ನೆಲವನ್ನು ಸಮತಟ್ಟು ಮಾಡಿಸಿದ ದಿನವೇ ಆ ಜಾಗದ ಅತ್ಯಂತ ಬೆಲೆಯುಳ್ಳ ವಸ್ತು, ಅಂದರೆ ಮೇಲಿನ ಒಂದು ಗೇಣು ಮಣ್ಣು, ನಿಮ್ಮ ಕೈತಪ್ಪಿ ಹೋಗಿರುತ್ತದೆ. ಕೊಳೆತ ಎಲೆಯ ಸಾರ, ಎರೆಹುಳು, ಶಿಲೀಂಧ್ರ, ಸೂಕ್ಷ್ಮಾಣುಗಳು ಬಹುಪಾಲು ಇರುವುದು ಈ ಪದರದಲ್ಲಿಯೇ; ಇದು ರೂಪುಗೊಳ್ಳಲು ಶತಮಾನಗಳೇ ಬೇಕಾಗಿದ್ದರೂ ಹೂತು ಹಾಕಲು ಒಂದು ಮಧ್ಯಾಹ್ನ ಸಾಕು. ಭಾರವಾದ ಯಂತ್ರವು ಒದ್ದೆ ನೆಲದ ಮೇಲೆ ಓಡಾಡಿದರಂತೂ ಮಣ್ಣಿನ ಕಣಗಳ ನಡುವಿನ ಗಾಳಿಯ ರಂಧ್ರಗಳು ಮುಚ್ಚಿಹೋಗಿ, ನೀರು ಇಂಗದ, ಬೇರು ಇಳಿಯದ ಗಟ್ಟಿ ಪದರವೊಂದು ನಿರ್ಮಾಣವಾಗುತ್ತದೆ. ಮೇಲೆ ಎಷ್ಟು ಗೊಬ್ಬರ ಸುರಿದರೂ ಈ ಪೆಟ್ಟು ಬೇಗ ಮಾಯುವುದಿಲ್ಲ.

ಆದ್ದರಿಂದ ಮೊದಲು ಜಾಗವನ್ನು ಓದಿರಿ. ಸಾಧ್ಯವಿದ್ದರೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಅಲ್ಲಿಯೇ ಕಾದು ನೋಡಿ. ಜೋರು ಮಳೆಯಲ್ಲಿ ಛತ್ರಿ ಹಿಡಿದು ಹೋಗಿ ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಹೋಗುತ್ತದೆ ಎಂಬುದನ್ನು ಕಾಗದದ ಮೇಲೆ ಗುರುತಿಸಿಕೊಳ್ಳಿ. ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ತಾನಾಗಿ ಬೆಳೆದು ನಿಂತಿರುವ ಮರಗಿಡಗಳು ಯಾವುವು, ಜನ ಅಡ್ಡದಾರಿಯಾಗಿ ತುಳಿದು ಮಾಡಿಕೊಂಡಿರುವ ಕಾಲುದಾರಿಗಳು ಯಾವುವು ಎಂಬುದನ್ನೂ ಸೇರಿಸಿ. ಆ ಕಾಲುದಾರಿಗಳಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ನಕ್ಷೆಯಲ್ಲಿ ಬೇರೆಡೆ ದಾರಿ ಹಾಕಿದರೂ ಜನ ಮತ್ತೆ ಅಲ್ಲಿಯೇ ಬೇಲಿ ಸರಿಸಿ ನಡೆಯುತ್ತಾರೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಭೂದೃಶ್ಯ ವಾಸ್ತುಶಿಲ್ಪಿ ಇಯಾನ್ ಮ್ಯಾಕ್‌ಹಾರ್ಗ್ ಅವರು 1960ರ ದಶಕದಲ್ಲಿ ಈ ಬಗೆಯ ಓದಿಗೆ ಒಂದು ಶಿಸ್ತು ತಂದರು. ಮಣ್ಣು, ಇಳಿಜಾರು, ನೀರಿನ ಹರಿವು, ಸಸ್ಯವರ್ಗ ಇವುಗಳಲ್ಲಿ ಒಂದೊಂದನ್ನೂ ಪ್ರತ್ಯೇಕ ಪಾರದರ್ಶಕ ಹಾಳೆಯಲ್ಲಿ ಗುರುತಿಸಿ, ಹಾಳೆಗಳನ್ನು ಒಂದರ ಮೇಲೊಂದಿಟ್ಟಾಗ ಎಲ್ಲಿ ಕಟ್ಟಬಹುದು, ಎಲ್ಲಿ ಮುಟ್ಟಬಾರದು ಎಂಬುದು ಕಣ್ಣಿಗೆ ಕಾಣುತ್ತದೆ ಎಂಬುದು ಅವರ ವಿಧಾನ. ಇಂದು ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಎರಡು ಎಕರೆಗೆ ನಾಲ್ಕು ಟ್ರೇಸಿಂಗ್ ಹಾಳೆಗಳೂ ಸಾಕು. ತಗ್ಗಿನಲ್ಲಿ ಆಟದ ಮೈದಾನವನ್ನೂ ದಿಬ್ಬದ ಮೇಲೆ ಕೊಳವನ್ನೂ ಇಡುವಂತಹ ಎಡವಟ್ಟುಗಳು ಈ ಹಂತದಲ್ಲಿಯೇ ತಪ್ಪುತ್ತವೆ. ಎಲ್ಲಿಯಾದರೂ ನೆಲ ಅಗೆಯಲೇಬೇಕಾದರೆ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು, ಎತ್ತರಕ್ಕೆ ಪೇರಿಸದೆ ತಗ್ಗಾದ ಗುಡ್ಡೆಗಳಲ್ಲಿ ಇರಿಸಿ, ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ಮರಳಿ ಹರಡುವಂತೆ ಗುತ್ತಿಗೆದಾರರೊಂದಿಗಿನ ಕರಾರಿನಲ್ಲಿಯೇ ಬರೆಸಿಕೊಳ್ಳಿ.

ಪ್ರಶ್ನೆ: ಸಮುದಾಯ ಭವನದ ಮುಂದಿನ ಕಾಂಕ್ರೀಟ್ ಅಂಗಳದಿಂದ ಮಳೆನೀರೆಲ್ಲ ಚರಂಡಿಗೆ ಹೋಗಿ, ಚರಂಡಿ ಉಕ್ಕಿ ರಸ್ತೆಗೆ ಬರುತ್ತದೆ. ಚರಂಡಿಯನ್ನು ಅಗಲ ಮಾಡಿಸುವ ಬದಲು 'ಮಳೆತೋಟ' ಮಾಡಿ ಎಂದು ಒಬ್ಬರು ಸಲಹೆ ನೀಡಿದ್ದಾರೆ. ಅಷ್ಟು ನೀರನ್ನು ಒಂದು ತೋಟ ತಡೆಯಬಲ್ಲದೇ? ಸೊಳ್ಳೆಯ ಕಾಟ ಹೆಚ್ಚುವುದಿಲ್ಲವೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಅಂಗಳ 1,000 ಚದರ ಮೀಟರ್ ಇದ್ದು, 25 ಮಿಲಿಮೀಟರ್ ಮಳೆಯಾದರೆ ಬೀಳುವುದು 25,000 ಲೀಟರ್. ಕಾಂಕ್ರೀಟಿನ ಮೇಲೆ ಬಿದ್ದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹರಿದುಹೋಗುತ್ತದೆ ಎಂದು ಹಿಡಿಯುವುದು ವಾಡಿಕೆ. ಹಾಗಾದರೆ ನೀವು ಸಂಭಾಳಿಸಬೇಕಾದದ್ದು ಸುಮಾರು 22,500 ಲೀಟರ್. ಅಂಗಳದ ಹತ್ತನೇ ಒಂದು ಭಾಗ, ಅಂದರೆ 100 ಚದರ ಮೀಟರ್ ಜಾಗವನ್ನು 20 ಸೆಂಟಿಮೀಟರ್ ಆಳದ ತಟ್ಟೆಯಂತೆ ತಗ್ಗಿಸಿದರೆ 20,000 ಲೀಟರ್ ಅಲ್ಲಿಯೇ ನಿಲ್ಲುತ್ತದೆ, ಉಳಿದದ್ದರಲ್ಲಿ ಬಹುಪಾಲು ಮಳೆ ಸುರಿಯುತ್ತಿರುವಾಗಲೇ ಇಂಗುತ್ತದೆ. ಮೊಣಕಾಲಿನ ಅರ್ಧದಷ್ಟೂ ಆಳವಿಲ್ಲದ, ಗಿಡಹುಲ್ಲುಗಳಿಂದ ತುಂಬಿದ ಒಂದು ತಗ್ಗು ಇಷ್ಟು ಕೆಲಸ ಮಾಡಬಲ್ಲದು. ಈಗಿರುವ ಚರಂಡಿಯನ್ನು ಮುಚ್ಚಬೇಡಿ. ಅತಿವೃಷ್ಟಿಯ ದಿನ ಮಳೆತೋಟ ತುಂಬಿದ ಮೇಲಿನ ನೀರು ಅದಕ್ಕೆ ಹೋಗುವಂತೆ ಒಂದು ಕೋಡಿ ಇರಲೇಬೇಕು.

ಇದೆಲ್ಲವೂ ನಿಮ್ಮ ಮಣ್ಣು ಎಷ್ಟು ಬೇಗ ನೀರು ಕುಡಿಯುತ್ತದೆ ಎಂಬುದರ ಮೇಲೆ ನಿಂತಿದೆ. ತೋಟ ಮಾಡಬೇಕೆಂದಿರುವ ಕಡೆ ಸುಮಾರು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿಸಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಅಳತೆಪಟ್ಟಿ ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಬರೆದುಕೊಳ್ಳಿ. ಒಣಮಣ್ಣು ಮೊದಲ ಸಲ ಬೇಗ ಹೀರಿಕೊಂಡು ತಪ್ಪು ಭರವಸೆ ಕೊಡುವುದರಿಂದ ಎರಡನೆಯ ಸಲದ ಅಳತೆಯನ್ನೇ ನಂಬಬೇಕು. ಗಂಟೆಗೆ 13 ಮಿಲಿಮೀಟರ್ ಇಳಿದರೆ 20 ಸೆಂಟಿಮೀಟರ್ ನೀರು ಸುಮಾರು ಹದಿನೈದು ಗಂಟೆಗಳಲ್ಲಿ ಖಾಲಿಯಾಗುತ್ತದೆ. ಸೊಳ್ಳೆಯ ಮೊಟ್ಟೆ ಮರಿಯಾಗಿ, ರೆಕ್ಕೆ ಬಲಿತು ಹಾರಲು ಬೆಚ್ಚಗಿನ ಹವೆಯಲ್ಲಿಯೂ ಒಂದು ವಾರದಷ್ಟು ಕಾಲ ಬೇಕು. ಎರಡು ದಿನಗಳೊಳಗೆ ಒಣಗುವ ತಗ್ಗಿನಲ್ಲಿ ಅದು ಬಾಳುವುದಿಲ್ಲ. ಆದರೆ ಪರೀಕ್ಷೆಯಲ್ಲಿ ನೀರು ಅಲುಗಾಡದೆ ನಿಂತರೆ, ಅದು ಜೇಡಿನೆಲವಾಗಿದ್ದರೆ, ಹಟ ಮಾಡಬೇಡಿ. ತಳದಲ್ಲಿ ಜಲ್ಲಿಯ ಪದರ ಮತ್ತು ತೂತಿನ ಕೊಳವೆ ಹಾಕಿ ನಿಧಾನವಾಗಿ ಹೊರಗೆ ಬಿಡುವ ವ್ಯವಸ್ಥೆಗೆ ತಿಳಿದವರ ನೆರವು ಬೇಕಾಗುತ್ತದೆ. ಕಟ್ಟಡದ ಅಡಿಪಾಯದಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ಗಿಡಗಳ ಆಯ್ಕೆಯಲ್ಲಿ ನೆನಪಿಡಬೇಕಾದದ್ದು ಇಷ್ಟೇ: ಇವು ಜಲಸಸ್ಯಗಳಾಗಬಾರದು. ಎರಡು ದಿನ ಮುಳುಗಿ, ಅನಂತರ ತಿಂಗಳುಗಟ್ಟಲೆ ಒಣಗಿದ ನೆಲದಲ್ಲಿ ಬದುಕುವ ಗಿಡಗಳು ಹತ್ತಿರದ ಹಳ್ಳದ ದಂಡೆಗಳಲ್ಲಿ ನಿಮಗೆ ಸಿಗುತ್ತವೆ.

ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಸಿಂಗಪುರದ ಬಿಶಾನ್–ಆಂಗ್ ಮೊ ಕಿಯೊ ಉದ್ಯಾನವಿದೆ. ಅಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿಲೋಮೀಟರ್ ಉದ್ದ ಬಳಸಿ ಹರಿಯುವ ನದಿಯನ್ನಾಗಿ ಮಾಡಿ 2012ರಲ್ಲಿ ಜನರಿಗೆ ತೆರೆದರು. ಮಳೆಯಿಲ್ಲದ ದಿನ ಜನ ದಂಡೆಗೆ ಇಳಿದು ಕೂರುತ್ತಾರೆ. ನೀರಿನ ಮಟ್ಟ ಏರತೊಡಗಿದರೆ ಸೈರನ್ ಮತ್ತು ದೀಪಗಳು ಎಚ್ಚರಿಸುತ್ತವೆ, ನದಿ ಉದ್ಯಾನದ ಹುಲ್ಲುಗಾವಲಿಗೆ ಹರಡಿಕೊಳ್ಳುತ್ತದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ 2013ರಲ್ಲಿ ತೆರೆದ ಬೆಂತೆಂಪ್ಲೈನ್ ಚೌಕದಲ್ಲಿ ತಗ್ಗಿನಲ್ಲಿರುವ ಬ್ಯಾಸ್ಕೆಟ್‌ಬಾಲ್ ಅಂಕಣವೇ ಮಳೆ ಬಂದಾಗ ತೊಟ್ಟಿಯಾಗುತ್ತದೆ. ವರ್ಷದ ಬಹುಪಾಲು ಒಣಗಿರುವ ಜಾಗವನ್ನು ನೀರಿಗೆಂದೇ ಖಾಲಿ ಇಡುವುದು ಜನನಿಬಿಡ ಊರುಗಳಲ್ಲಿ ಕಷ್ಟವಾದ್ದರಿಂದ, ಒಂದೇ ಜಾಗಕ್ಕೆ ಎರಡು ಕೆಲಸ ಕೊಡುವ ಈ ಜಾಣತನ ನನಗೆ ಹಿಡಿಸುತ್ತದೆ.

ಪ್ರಶ್ನೆ: ನಮ್ಮ ಕಾಲುದಾರಿಯ ಅಂಚಿನಲ್ಲಿ ಪ್ರತಿವರ್ಷ ಸಸಿ ನೆಡುತ್ತೇವೆ, ಪ್ರತಿವರ್ಷ ಅರ್ಧಕ್ಕರ್ಧ ಸಾಯುತ್ತವೆ. ಬದುಕಿದವು ಹತ್ತು ವರ್ಷವಾದರೂ ಆಳೆತ್ತರ ದಾಟಿಲ್ಲ. ಜಾತಿ ಬದಲಿಸಬೇಕೇ?

ಉತ್ತರ: ಜಾತಿಗಿಂತ ಮೊದಲು ಗುಂಡಿಯನ್ನು ನೋಡಿ. ಮರದ ಬೇರುಗಳು ಪಾತಾಳಕ್ಕೆ ಇಳಿಯುತ್ತವೆ ಎಂಬುದು ನಮ್ಮಲ್ಲಿ ಗಟ್ಟಿಯಾಗಿ ನಿಂತಿರುವ ತಪ್ಪು ಕಲ್ಪನೆ. ಹೀರುಬೇರುಗಳಲ್ಲಿ ಬಹುಪಾಲು ಮೇಲಿನ ಅರ್ಧ ಮೀಟರಿನ ಆಸುಪಾಸಿನಲ್ಲಿಯೇ ಇದ್ದು, ಕೊಂಬೆಗಳ ಹರವನ್ನೂ ಮೀರಿ ಅಡ್ಡಕ್ಕೆ ಹಬ್ಬುತ್ತವೆ, ಏಕೆಂದರೆ ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಸುತ್ತಲೂ ಹಾಸುಗಲ್ಲಿಗಾಗಿ ರೋಲರ್ ಹೊಡೆದು ಗಟ್ಟಿಮಾಡಿದ ನೆಲವಿದ್ದು, ನಡುವೆ ಎರಡಡಿಯ ಚೌಕ ಗುಂಡಿಯಿದ್ದರೆ ಮರವು ದೊಡ್ಡ ಕುಂಡದಲ್ಲಿ ಸಿಕ್ಕಿಕೊಂಡಂತೆಯೇ ಸರಿ. ಗಿಡಗಳನ್ನು ಪ್ರತ್ಯೇಕ ಗುಂಡಿಗಳಲ್ಲಿ ನೆಡುವ ಬದಲು ಉದ್ದಕ್ಕೆ ಒಂದೇ ಕಂದಕ ತೋಡಿ, ಸಡಿಲ ಮಣ್ಣು ತುಂಬಿ, ಹಲವು ಮರಗಳು ಅದನ್ನು ಹಂಚಿಕೊಳ್ಳುವಂತೆ ಮಾಡಿದರೆ ಫಲಿತಾಂಶ ಬೇರೆಯೇ ಆಗುತ್ತದೆ. ಮೇಲೆ ಜನ ನಡೆಯಲೇಬೇಕಾದಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ಮಿಶ್ರಣದಂಥದ್ದನ್ನು ಬಳಸಬಹುದು: ದಪ್ಪ ಜಲ್ಲಿಕಲ್ಲುಗಳು ಒಂದಕ್ಕೊಂದು ಆತುಕೊಂಡು ಮೇಲಿನ ಭಾರ ಹೊರುತ್ತವೆ, ಅವುಗಳ ಸಂದಿಯಲ್ಲಿರುವ ಮಣ್ಣು ಅದುಮಿಹೋಗದೆ ಬೇರಿಗೆ ಉಳಿಯುತ್ತದೆ.

ನೆಡುವ ಆಳವನ್ನೂ ಪರೀಕ್ಷಿಸಿ. ಕಾಂಡವು ಬೇರಿನತ್ತ ಅಗಲವಾಗುವ ಭಾಗ ನೆಲದ ಮಟ್ಟಕ್ಕೆ ಕಾಣುತ್ತಿರಬೇಕು. ಭದ್ರವಾಗಲಿ ಎಂದು ಕತ್ತಿನವರೆಗೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ನರ್ಸರಿಯ ಚೀಲದೊಳಗೆ ಸುರುಳಿ ಸುತ್ತಿಕೊಂಡ ಬೇರುಗಳನ್ನು ಬಿಡಿಸದೆ ಅಥವಾ ಕತ್ತರಿಸದೆ ನೆಟ್ಟರೆ ಅವೇ ಮುಂದೆ ದಪ್ಪವಾಗಿ ಕಾಂಡವನ್ನು ಬಿಗಿಯುತ್ತವೆ. ಬುಡದ ಸುತ್ತ ಎಂಟರಿಂದ ಹತ್ತು ಸೆಂಟಿಮೀಟರ್ ದಪ್ಪ ಒಣಎಲೆಯ ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ. ಮೊದಲ ಎರಡು ಮೂರು ಬೇಸಿಗೆಗಳಲ್ಲಿ ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಂದೆರಡು ಸಲ ಆಳಕ್ಕೆ ಇಳಿಯುವಷ್ಟು ನೀರುಣಿಸುವುದು ಲೇಸು. ಇಷ್ಟಾದ ಮೇಲೂ ಸತ್ತರೆ ಆಗ ಜಾತಿಯ ಮಾತು.

ಪ್ರಶ್ನೆ: ಹುಲ್ಲುಹಾಸಿಗೆ ನೀರು ಸಾಲದು. ಕೃತಕ ಹುಲ್ಲು ಹಾಕಿಸಿದರೆ ನೀರು ಉಳಿದು ಪರಿಸರಕ್ಕೆ ಒಳ್ಳೆಯದಲ್ಲವೇ?

ಉತ್ತರ: ನೀರು ಉಳಿಯುತ್ತದೆ, ಉಳಿದದ್ದೆಲ್ಲ ಕೆಡುತ್ತದೆ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಬಲ್ಲದು. ಮಕ್ಕಳು ಬರಿಗಾಲಿನಲ್ಲಿ ಆಡುವ ಜಾಗಕ್ಕೆ ಅದು ತಕ್ಕುದಲ್ಲ. ಎಳೆಗಳ ನಡುವೆ ತುಂಬುವ ರಬ್ಬರ್ ಹರಳುಗಳು ಮಳೆಯೊಂದಿಗೆ ಹೊರಟುಹೋಗುತ್ತವೆ. ಐರೋಪ್ಯ ಒಕ್ಕೂಟವು 2023ರಲ್ಲಿ ತಂದ ಸೂಕ್ಷ್ಮ ಪ್ಲಾಸ್ಟಿಕ್ ನಿಯಮದ ಪ್ರಕಾರ ಇಂತಹ ಹರಳುಗಳ ಮಾರಾಟ ಎಂಟು ವರ್ಷಗಳ ಅವಧಿಯ ನಂತರ ಅಲ್ಲಿ ನಿಲ್ಲಬೇಕಾಗಿದೆ. ನಿಮ್ಮ ಪ್ರಶ್ನೆಯನ್ನು ಹೀಗೆ ತಿರುಗಿಸಿ ನೋಡಿ: ಹುಲ್ಲುಹಾಸು ನಿಜವಾಗಿ ಎಷ್ಟು ಬೇಕು? ಮಕ್ಕಳು ಆಡುವ, ಜನ ಕೂರುವ ಭಾಗಕ್ಕೆ ಮಾತ್ರ ಅದನ್ನು ಉಳಿಸಿ, ನೋಟಕ್ಕೆಂದು ಇರುವ ಉಳಿದ ಭಾಗಕ್ಕೆ ಎತ್ತರ ಬೆಳೆಯುವ ಸ್ಥಳೀಯ ಹುಲ್ಲು ಮತ್ತು ನೆಲಹಬ್ಬು ಗಿಡಗಳನ್ನು ಹಾಕಿ, ವರ್ಷಕ್ಕೊಂದೆರಡು ಸಲ ಕೊಯ್ದರೆ ಸಾಕು. ಬೇಸಿಗೆಯಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿದರೆ ದೂರು ಬರೆಯುವವರಿಗೆ, ಅದು ಸತ್ತಿಲ್ಲ, ಮಳೆಗೆ ಕಾಯುತ್ತಿದೆ ಎಂದು ಒಂದು ಫಲಕ ಹಾಕಿ ತಿಳಿಸಬಹುದು.

ಪ್ರಶ್ನೆ: ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಸಸಿ ನೆಟ್ಟು ಬೇಗ ಕಾಡು ಬೆಳೆಸುವ ಮಿಯಾವಾಕಿ ವಿಧಾನದಲ್ಲಿಯೇ ಇಡೀ ಉದ್ಯಾನವನ್ನು ಮಾಡಬಹುದೇ?

ಉತ್ತರ: ಇಡೀ ಉದ್ಯಾನವನ್ನು ಬೇಡ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ (1928–2021) ಅವರ ವಿಧಾನದ ತಿರುಳು ಒತ್ತೊತ್ತಾಗಿ ನೆಡುವುದಷ್ಟರಲ್ಲಿಯೇ ಇಲ್ಲ. ಮನುಷ್ಯ ಕೈಯಾಡಿಸದಿದ್ದರೆ ಆ ನೆಲದಲ್ಲಿ ತಾನಾಗಿ ಯಾವ ಕಾಡು ನಿಲ್ಲುತ್ತಿತ್ತು ಎಂಬುದನ್ನು ಹಳೆಯ ಗುಡಿಕಾಡುಗಳಲ್ಲಿ ಹುಡುಕಿ, ಆ ಜಾತಿಗಳನ್ನೇ ಆಯ್ದು, ಮಣ್ಣನ್ನು ಸಿದ್ಧಪಡಿಸಿ, ಚದರ ಮೀಟರಿಗೆ ಸುಮಾರು ಮೂರು ಸಸಿಗಳಂತೆ ಬೆರೆಸಿ ನೆಡುವುದು ಅವರ ಕ್ರಮ. ಸಿಕ್ಕ ಸಸಿಗಳನ್ನೆಲ್ಲ ತುರುಕಿ ಆ ಹೆಸರಿನ ಫಲಕ ಹಾಕುವುದು ಬೇರೆ ವಿಷಯ. ಸರಿಯಾಗಿ ಬೆಳೆದ ಇಂತಹ ಕಾಡಿನೊಳಗೆ ಮನುಷ್ಯರು ನುಸುಳಲಾರರು, ಆಚೆಯದು ಕಾಣುವುದಿಲ್ಲ. ರಸ್ತೆಯ ಧೂಳು ಮತ್ತು ಗದ್ದಲದ ಕಡೆಗೆ ಗೋಡೆಯಂತೆ ಒಂದು ಪಟ್ಟಿ ಬೆಳೆಸಲು ಅದು ಚೆನ್ನ, ಕೂಡಿ ಕೂರುವ ಜಾಗಕ್ಕೆ ಹೊಂದುವುದಿಲ್ಲ. ಸ್ವಭಾವತಃ ಹುಲ್ಲುಗಾವಲಾಗಿರುವ ನೆಲದಲ್ಲಂತೂ ಕಾಡು ಹೇರುವುದೆಂದರೆ ಅಲ್ಲಿನ ಹಕ್ಕಿ ಕೀಟಗಳನ್ನು ಓಡಿಸಿದಂತೆ.

ಪ್ರಶ್ನೆ: ನಮ್ಮ ಉದ್ಯಾನ ಸುಂದರವಾಗಿದೆ, ಆದರೆ ಹೆಂಗಸರು ಮತ್ತು ಹಿರಿಯರು ಬರುವುದೇ ಇಲ್ಲ. ವಿನ್ಯಾಸದಲ್ಲಿ ಏನನ್ನು ಬದಲಿಸಬೇಕು?

ಉತ್ತರ: ನ್ಯೂಯಾರ್ಕಿನ ಚೌಕಗಳಲ್ಲಿ 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ಜನರ ನಡವಳಿಕೆಯನ್ನು ಅಧ್ಯಯನ ಮಾಡಿದ ವಿಲಿಯಂ ವೈಟ್ ಅವರು, ಒಂದು ಜಾಗದಲ್ಲಿ ಹೆಂಗಸರ ಪಾಲು ಕಡಿಮೆಯಿದ್ದರೆ ಅಲ್ಲಿ ಏನೋ ಕೆಟ್ಟಿದೆ ಎಂದೇ ತಿಳಿಯಬೇಕೆಂದು ಕಂಡುಕೊಂಡರು. ಅದೇ ಊರಿನ ಬ್ರಯಂಟ್ ಪಾರ್ಕ್ ಆಗ ಜನ ಹೆದರುವ ತಾಣವಾಗಿತ್ತು. ಅವರ ಸಲಹೆಗಳ ಆಧಾರದ ಮೇಲೆ ಎತ್ತರದ ಬೇಲಿಗಿಡಗಳನ್ನು ತೆಗೆದು, ಪ್ರವೇಶಗಳನ್ನು ಅಗಲಗೊಳಿಸಿ, ಬೇಕಾದ ಕಡೆಗೆ ಎಳೆದುಕೊಳ್ಳಬಹುದಾದ ಕುರ್ಚಿಗಳನ್ನು ಇಟ್ಟು 1992ರಲ್ಲಿ ಅದನ್ನು ಮತ್ತೆ ತೆರೆದಾಗ ಚಿತ್ರವೇ ಬದಲಾಯಿತು. ವಿಯೆನ್ನಾ ನಗರವು 1990ರ ದಶಕದ ಕೊನೆಯಲ್ಲಿ, ಹತ್ತು ವರ್ಷದ ಆಸುಪಾಸಿನ ಹೆಣ್ಣುಮಕ್ಕಳು ಉದ್ಯಾನಗಳಿಂದ ಏಕೆ ಮರೆಯಾಗುತ್ತಾರೆ ಎಂದು ವಿಚಾರಿಸಿತು. ಒಂದೇ ದೊಡ್ಡ ಆಟದಂಗಳವಿದ್ದರೆ ಗಂಡುಹುಡುಗರು ಅದನ್ನು ಆವರಿಸಿಕೊಳ್ಳುತ್ತಾರೆ ಎಂಬುದು ತಿಳಿದಾಗ, ಜಾಗವನ್ನು ಹಲವು ಸಣ್ಣ ಭಾಗಗಳಾಗಿ ಒಡೆದು, ಕಾಲುದಾರಿ ಮತ್ತು ಬೆಳಕನ್ನು ಸುಧಾರಿಸಿದರು, ಹೆಣ್ಣುಮಕ್ಕಳು ಮರಳಿದರು.

ನಿಮ್ಮಲ್ಲಿ ಮೊದಲು ಕಣ್ಣಿನ ಮಟ್ಟದ ಪೊದೆಗಳನ್ನು ನೋಡಿ. ನೆಲದಿಂದ ಸೊಂಟದವರೆಗೆ ಗಿಡ, ತಲೆಯ ಮೇಲೆ ಮರದ ಕೊಂಬೆ, ನಡುವೆ ಬಯಲು ನೋಟ ಎಂಬ ನಿಯಮವನ್ನು ದಾರಿಗಳ ಅಂಚಿನಲ್ಲಿ ಪಾಲಿಸಿ. ಹಿರಿಯರಿಗೆ ಬೆನ್ನು ಮತ್ತು ಕೈ ಆನಿಸಲು ಆಸರೆಯಿರುವ, ನೆರಳಿನಲ್ಲಿರುವ ಬೆಂಚುಗಳು ಕೆಲವೇ ಹೆಜ್ಜೆಗಳ ಅಂತರದಲ್ಲಿ ಬೇಕು. ಕೈಯಾನಿಕೆಯಿಲ್ಲದ ಕಲ್ಲುಬೆಂಚಿನಿಂದ ಎದ್ದೇಳುವುದು ಮೊಣಕಾಲು ನೋವಿರುವವರಿಗೆ ಶಿಕ್ಷೆ. ಮೆಟ್ಟಿಲಿರುವಲ್ಲೆಲ್ಲ ಇಳಿಜಾರು ದಾರಿಯೂ ಇರಲಿ, ಅದರ ಏರು ಹನ್ನೆರಡು ಮೀಟರಿಗೆ ಒಂದು ಮೀಟರಿಗಿಂತ ಕಡಿದಾಗದಿರಲಿ. ದೀಪಗಳು ನೆಲದತ್ತ ಮಾತ್ರ ಬೆಳಕು ಚೆಲ್ಲಲಿ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ 3,000ಕ್ಕಿಂತ ಕೆಳಗಿರುವ, ಹಳದಿ ಛಾಯೆಯ ಬೆಚ್ಚನೆಯ ಬೆಳಕು ಮುಖ ಗುರುತಿಸಲು ಸಾಕಾಗುತ್ತದೆ, ಕೀಟಗಳನ್ನೂ ಬಿಳಿನೀಲಿ ಬೆಳಕಿನಷ್ಟು ಸೆಳೆಯುವುದಿಲ್ಲ. ಶೌಚಾಲಯ ಇದೆಯೇ, ಅದಕ್ಕೆ ಬೀಗ ಹಾಕಿರುವುದಿಲ್ಲವೇ ಎಂಬುದು ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯಾಗಿರಬಹುದು. ಯಾವುದಕ್ಕೂ ಮೊದಲು, ಬಾರದಿರುವವರ ಮನೆಗೇ ಹೋಗಿ ಕೇಳಿ. ಉದ್ಯಾನದಲ್ಲಿ ನಿಂತು ಸಮೀಕ್ಷೆ ಮಾಡಿದರೆ ನಿಮಗೆ ಸಿಗುವುದು ಬರುವವರ ಅಭಿಪ್ರಾಯ ಮಾತ್ರ.

ಪ್ರಶ್ನೆ: ಮುಚ್ಚಿಹೋದ ಹಳೆಯ ಕಾರ್ಖಾನೆಯೊಂದರ ಜಾಗದಲ್ಲಿ ಸಮುದಾಯದ ತರಕಾರಿ ತೋಟ ಮಾಡುವ ಆಸೆ ನಮ್ಮದು. ಅಪಾಯವಿದೆಯೇ?

ಉತ್ತರ: ಇರಬಹುದು, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ಸೀಸ ಮೊದಲಾದ ಭಾರಲೋಹಗಳು ಮತ್ತು ಎಣ್ಣೆಯ ಅಂಶಗಳಿಗಾಗಿ ಹಲವು ಕಡೆಗಳ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವವರೆಗೆ ಅಲ್ಲಿ ತಿನ್ನುವುದೇನನ್ನೂ ಬೆಳೆಯಬೇಡಿ. ಆಮೇಲೆಯೂ ನೆಲಕ್ಕೆ ತಡೆಹಾಸು ಹಾಸಿ, ಹೊರಗಿನಿಂದ ತಂದ ಶುದ್ಧ ಮಣ್ಣಿನ ಎತ್ತರದ ಪಾತಿಗಳಲ್ಲಿ ಬೆಳೆಯುವುದು ಕ್ಷೇಮ. ಜಾಗವನ್ನು ತರಕಾರಿಗಲ್ಲದೆ ವಿಹಾರಕ್ಕೆ ಬಳಸುವುದಾದರೆ ದಾರಿಗಳು ಹೆಚ್ಚಿವೆ. ಅಮೆರಿಕದ ಸಿಯಾಟಲ್‌ನಲ್ಲಿ ಭೂದೃಶ್ಯ ವಾಸ್ತುಶಿಲ್ಪಿ ರಿಚರ್ಡ್ ಹಾಗ್ ಅವರು ಹಳೆಯ ಅನಿಲ ಸ್ಥಾವರವನ್ನು ಕೆಡವದೆ, ಎಣ್ಣೆ ಕುಡಿದಿದ್ದ ಮಣ್ಣಿಗೆ ಸಾವಯವ ವಸ್ತುಗಳನ್ನು ಬೆರೆಸಿ ಸೂಕ್ಷ್ಮಾಣುಗಳಿಂದ ಶುದ್ಧಿ ಮಾಡಿಸುವ ಪ್ರಯೋಗ ನಡೆಸಿ ರೂಪಿಸಿದ ಉದ್ಯಾನ 1975ರಲ್ಲಿ ತೆರೆಯಿತು. ಅದರ ಮಣ್ಣಿನ ಮೇಲೆ ನಂತರವೂ ದಶಕಗಳ ಕಾಲ ಕೆಲಸ ಮಾಡಬೇಕಾಯಿತು. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯನ್ನು ಪೀಟರ್ ಲಾಟ್ಜ್ ಅವರು ಹಾಗೆಯೇ ಉಳಿಸಿಕೊಂಡು ಉದ್ಯಾನ ಮಾಡಿದರು. ಅಲ್ಲಿನ ಹಳೆಯ ಅನಿಲ ಟ್ಯಾಂಕಿನಲ್ಲಿ ನೀರು ತುಂಬಿ ಈಗ ಮುಳುಗುಗಾರರಿಗೆ ತರಬೇತಿ ಕೊಡುತ್ತಾರೆ. ಕೆಡವಿ ಹೊಸದಾಗಿ ಕಟ್ಟುವುದಕ್ಕಿಂತ ಇರುವ ಕಾಂಕ್ರೀಟು, ಇಟ್ಟಿಗೆ, ಉಕ್ಕನ್ನು ಅಲ್ಲಿಯೇ ಬಳಸುವುದರಿಂದ ಸಾಗಾಟದ ಹೊರೆಯೂ ತಪ್ಪುತ್ತದೆ.

ಪ್ರಶ್ನೆ: ಉದ್ಘಾಟನೆಯ ವರ್ಷ ನಳನಳಿಸುವ ಉದ್ಯಾನಗಳು ಐದನೆಯ ವರ್ಷಕ್ಕೆ ಹಾಳುಬೀಳುತ್ತವೆ. ಇದನ್ನು ವಿನ್ಯಾಸಕಾರರು ತಡೆಯಬಲ್ಲರೇ?

ಉತ್ತರ: ಬಹುಮಟ್ಟಿಗೆ ತಡೆಯಬಲ್ಲರು, ನಿರ್ವಹಣೆಯನ್ನು ನಕ್ಷೆಯ ಭಾಗವೆಂದು ಒಪ್ಪಿಕೊಂಡರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಂತಹ ಹೆಸರಾಂತ ಉದ್ಯಾನವೂ ಹಣ ಮತ್ತು ಆಳುಗಳ ಕೊರತೆಯಿಂದ 1970ರ ದಶಕದಲ್ಲಿ ಹಾಳುಬಿದ್ದಿತ್ತು. 1980ರಲ್ಲಿ ನಾಗರಿಕರು ಸೇರಿ ಒಂದು ಸಂಸ್ಥೆ ಕಟ್ಟಿ, ಮುಂದೆ ಉದ್ಯಾನವನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೂ ಒಬ್ಬ ಹೊಣೆಗಾರ ತೋಟಗಾರನನ್ನು ನೇಮಿಸುವ ಪದ್ಧತಿ ತಂದ ಮೇಲೆ ಅದು ಚೇತರಿಸಿಕೊಂಡಿತು. ಎಲ್ಲರಿಗೂ ಸೇರಿದ ಹೊಣೆ ಯಾರದೂ ಆಗುವುದಿಲ್ಲವಾದ್ದರಿಂದ ಇಂತಹ ಹೆಸರು ಹಿಡಿದ ಹಂಚಿಕೆ ಸಣ್ಣ ಉದ್ಯಾನಕ್ಕೂ ಬೇಕು.

ವಿನ್ಯಾಸಕಾರರನ್ನು ನೇಮಿಸುವಾಗಲೇ, ನೆಟ್ಟ ನಂತರದ ಮೂರು ವರ್ಷಗಳಲ್ಲಿ ಯಾವ ತಿಂಗಳು ಯಾವ ಕೆಲಸ, ಅದಕ್ಕೆ ಎಷ್ಟು ಜನ, ಎಷ್ಟು ನೀರು ಬೇಕು ಎಂಬ ಕೈಪಿಡಿಯನ್ನು ನಕ್ಷೆಯ ಜೊತೆಗೆ ಕೇಳಿ. ಕೊಡಲಾಗದವರು ಆ ನಕ್ಷೆಯನ್ನು ಪೂರ್ತಿ ಯೋಚಿಸಿಲ್ಲ ಎಂದರ್ಥ. ನಿಮ್ಮ ಬಳಿ ಒಬ್ಬನೇ ಮಾಲಿ ಇರುವುದಾದರೆ ಕತ್ತರಿಸಿದ ಬೇಲಿಗಳು, ಕಾರಂಜಿಗಳು, ಋತುವಿಗೊಮ್ಮೆ ಬದಲಿಸುವ ಹೂಪಾತಿಗಳು ನಕ್ಷೆಯಲ್ಲಿ ಇರಲೇಬಾರದು. ಕಾರಂಜಿಯ ಪಂಪು ಕೆಟ್ಟ ವರ್ಷವೇ ತೊಟ್ಟಿ ಕಸದ ಗುಂಡಿಯಾಗುತ್ತದೆ. ಬಿದ್ದ ಎಲೆಯನ್ನು ಗುಡಿಸಿ ಸುಡುವ ಬದಲು ಅಲ್ಲಿಯೇ ಗೊಬ್ಬರವಾಗಿಸಲು ಒಂದು ಮೂಲೆಯನ್ನು ಮೊದಲೇ ಕಾದಿರಿಸಿ. ನೀರಿಳಿಯುವ ಹಾಸುಗಲ್ಲು ಹಾಕಿದ್ದರೆ ಅದರ ಸಂದಿಗಳು ಹೂಳಿನಿಂದ ಕಟ್ಟಿಕೊಳ್ಳದಂತೆ ಮಳೆಗಾಲಕ್ಕೆ ಮುಂಚೆ ಶುಚಿಮಾಡುವ ಕೆಲಸವನ್ನೂ ಪಟ್ಟಿಗೆ ಸೇರಿಸಿ. ವಿನ್ಯಾಸಕಾರರ ಸಂಭಾವನೆಯ ಕೊನೆಯ ಕಂತನ್ನು ಉದ್ಘಾಟನೆಯ ದಿನ ಕೊಡದೆ, ಎರಡನೆಯ ಬೇಸಿಗೆ ಕಳೆದ ಮೇಲೆ ಅವರೊಂದಿಗೆ ಜಾಗವನ್ನು ಸುತ್ತಿ, ಒಣಗಿದ ಗಿಡಗಳನ್ನು ಎಣಿಸಿ, ಬದಲಿ ಸಸಿಗಳ ಪಟ್ಟಿಗೆ ಇಬ್ಬರೂ ಸಹಿ ಹಾಕಿದ ನಂತರ ಕೊಡುವ ಕರಾರನ್ನು ನಾನು ಎಲ್ಲ ಸಂಘಗಳಿಗೂ ಸೂಚಿಸುತ್ತೇನೆ.